ಅಂತೆ, ಎನ್ನಲಾಗಿದೆ, ಆಯಿತು

ಕಥೆ-ಕಾವ್ಯಗಳನ್ನು ವಿಮರ್ಶೆಯ ಒರೆಗಲ್ಲಿಗೆ ಹಚ್ಚುವ ನಾವು, ಪ್ರತಿ ಮುಂಜಾನೆ ಕಾಫಿಯೊಡನೆ ಓದುವ ವಾರ್ತೆಯನ್ನು ಮಾತ್ರ ಹಾಗೆಯೇ ನುಂಗಿಬಿಡುತ್ತೇವೆ. ಕಾವ್ಯಕ್ಕೆ ಕರ್ತೃ ಒಬ್ಬ, ವಾರ್ತೆಗೆ ಹಲವರು. ಮೇಲಾಗಿ ಅದು ಅಚ್ಚಾದ ಮೇಲೂ ಬರೆಯಲ್ಪಡುತ್ತಲೇ ಇರುತ್ತದೆ.

ಮಲ್ಲೇಶ್ವರದ ಒಂದು ಪ್ರಕರಣವನ್ನು ನೋಡಿ. 2013ರ ಏಪ್ರಿಲ್ 17, ಬುಧವಾರ. ವಿಧಾನಸಭಾ ಚುನಾವಣೆಗೆ ಮೂರು ವಾರವೂ ಉಳಿದಿರಲಿಲ್ಲ. ಬೆಳಿಗ್ಗೆ ಸುಮಾರು ಹತ್ತೂವರೆಗೆ ಭಾರತೀಯ ಜನತಾ ಪಕ್ಷದ ಕಚೇರಿಯ ಸಮೀಪ ಭಾರೀ ಸ್ಫೋಟವಾಯಿತು. ಮೊದಲು ಹಬ್ಬಿದ್ದು, ಕಾರಿನೊಳಗಿನ ಗ್ಯಾಸ್ ಸಿಲಿಂಡರ್ ಸಿಡಿಯಿತೆಂಬ ಸುದ್ದಿ. ಕೆಲವೇ ಗಂಟೆಗಳಲ್ಲಿ ಅದು ಮೋಟಾರ್ ಸೈಕಲ್ಲಿನಲ್ಲಿ ಇರಿಸಿದ್ದ ಬಾಂಬ್ ಎಂದಾಯಿತು. ಗಾಯಗೊಂಡವರು ಹದಿನಾರೆಂದು ಕೆಲವರು, ಹದಿನೇಳೆಂದು ಮತ್ತೆ ಕೆಲವರು ಬರೆದರು. ಅವರಲ್ಲಿ ಕಾವಲಿಗಿದ್ದ ಪೊಲೀಸರು ಹಲವರು. ದೇವರ ದಯೆಯಿಂದ ಯಾರೂ ಸಾಯಲಿಲ್ಲ. ಮುಂದೆ ತನಿಖೆ ತಮಿಳುನಾಡಿನತ್ತ ಸಾಗಿ, ಅಲ್ಲಿ ಬಂಧನಗಳಾದವು.

ಸಿಲಿಂಡರ್ ಎಂದವರು ಸುಳ್ಳರೇ? ಅಲ್ಲ. ಹೊತ್ತಿ ಉರಿಯುವ ವಾಹನವನ್ನು ಕಂಡವರಿಗೆ ತೋಚುವ ಸಹಜ ಊಹೆ ಅದು. ದೋಷವಿರುವುದು ಊಹೆಯಲ್ಲಲ್ಲ, ಅದನ್ನು ಕಣ್ಣಾರೆ ಕಂಡಂತೆ ಹೇಳುವುದರಲ್ಲಿ. ನಮ್ಮ ಕನ್ನಡ ಈ ವಿಷಯದಲ್ಲಿ ಬಹಳ ಪ್ರಾಮಾಣಿಕ ಭಾಷೆ. ‘ಸಿಡಿಯಿತು’ ಎಂದರೆ ನಾನು ಬಲ್ಲೆ ಎಂದರ್ಥ. ‘ಸಿಡಿಯಿತಂತೆ’ ಎಂದರೆ ಬೇರೊಬ್ಬರಿಂದ ಕೇಳಿದೆ ಎಂದರ್ಥ. ಹಳ್ಳಿಯ ಅಜ್ಜಿಯೂ ತಪ್ಪದೆ ಪಾಲಿಸುವ ಈ ವಿವೇಕವನ್ನು ಪತ್ರಿಕಾ ಭಾಷೆ ‘ಎನ್ನಲಾಗಿದೆ’ ಎಂದು ಬದಲಿಸಿಕೊಂಡಿತು. ಅಂದವರು ಯಾರು? ಆ ಪದದ ಹಿಂದೆ ಅವರು ಅಡಗಿ ಕುಳಿತಿದ್ದಾರೆ. ದೂರದರ್ಶನದ ಪರದೆಯ ಅಡಿಯಲ್ಲಿ ಓಡುವ ಸಾಲಿನಲ್ಲಂತೂ ಅಷ್ಟು ಸಂಕೋಚಕ್ಕೂ ಸ್ಥಳವಿಲ್ಲ.

ವ್ಯಾಖ್ಯಾನವೂ ತನಿಖೆಗಾಗಿ ಕಾಯಲಿಲ್ಲ. ಇದು ಭಯೋತ್ಪಾದಕ ಕೃತ್ಯವಾದರೆ ಚುನಾವಣೆಯಲ್ಲಿ ಬಿಜೆಪಿಗೆ ಲಾಭವಾದೀತೆಂದು ಕಾಂಗ್ರೆಸ್ಸಿನ ಶಕೀಲ್ ಅಹ್ಮದ್ ಅಂದೇ ಟ್ವಿಟ್ಟರಿನಲ್ಲಿ ಬರೆದರು. ಗಾಯಾಳುಗಳು ಆಗಿನ್ನೂ ಆಸ್ಪತ್ರೆಯಲ್ಲಿದ್ದರು. ಮೇ ತಿಂಗಳಲ್ಲಿ ಗೆದ್ದದ್ದು ಕಾಂಗ್ರೆಸ್ಸೇ!

ಇದು ನಮ್ಮ ಊರಿನ ದೌರ್ಬಲ್ಯ ಮಾತ್ರವೆಂದು ತಿಳಿಯಬೇಡಿ. ಅದಕ್ಕೆ ಎರಡೇ ದಿನ ಮೊದಲು ಅಮೆರಿಕದ ಬಾಸ್ಟನ್ನಿನಲ್ಲಿ ಮ್ಯಾರಥಾನ್ ಓಟದ ವೇಳೆ ಬಾಂಬುಗಳು ಸಿಡಿದಿದ್ದವು. ಅದೇ ಏಪ್ರಿಲ್ 17ರಂದು ಸಿಎನ್‌ಎನ್ ವಾಹಿನಿ ಆರೋಪಿಯ ಬಂಧನವಾಗಿದೆಯೆಂದು ಸಾರಿ, ಬಳಿಕ ಹಿಂತೆಗೆದುಕೊಂಡಿತು. ಮರುದಿನ ನ್ಯೂಯಾರ್ಕ್ ಪೋಸ್ಟ್ ಪತ್ರಿಕೆ ನಿರಪರಾಧಿಗಳಾದ ಇಬ್ಬರ ಚಿತ್ರವನ್ನು ಮುಖಪುಟದಲ್ಲೇ ಅಚ್ಚುಹಾಕಿತು.

ಹಾಗಾದರೆ ಮೂಲಗಳು ಹಲವಾಗಿರುವುದೇ ಕೇಡೇ? ನಮ್ಮ ಧರ್ಮಸಭೆಯ ಅನುಭವ ಬೇರೆ. ಎರಡನೆಯ ಶತಮಾನದಲ್ಲಿ ತತಿಯಾನ್ ಎಂಬಾತ ನಾಲ್ಕು ಶುಭಸಂದೇಶಗಳನ್ನು ಹೆಣೆದು ಒಂದೇ ಕಥನವಾಗಿಸಿದ. ಸಿರಿಯಾ ಪ್ರಾಂತದಲ್ಲಿ ಅದು ಬಹುಕಾಲ ಬಳಕೆಯಲ್ಲಿತ್ತು. ಆದರೂ ಧರ್ಮಸಭೆ ಉಳಿಸಿಕೊಂಡದ್ದು ನಾಲ್ಕನ್ನೂ, ಅವುಗಳ ಭಿನ್ನತೆಗಳೊಡನೆ. ಸಮಾಧಿ ಬರಿದಾಗಿದೆ ಎಂಬ ವಾರ್ತೆ ತಂದ ಸ್ತ್ರೀಯರ ಮಾತನ್ನು ಪ್ರೇಷಿತರು ಮೊದಲು ನಂಬಲಿಲ್ಲ ಎಂಬುದನ್ನು ಸಂತ ಲೂಕ ಮರೆಮಾಚಲಿಲ್ಲ. ಯಾರಿಂದ ತಿಳಿದು, ಹೇಗೆ ವಿಚಾರಿಸಿ ಬರೆಯುತ್ತಿದ್ದೇನೆಂಬುದನ್ನು ಆತ ಆರಂಭದಲ್ಲೇ ಹೇಳಿಬಿಡುತ್ತಾನೆ. ಇಂದಿನ ಎಷ್ಟು ವರದಿಗಳಲ್ಲಿ ಆ ಮುನ್ನುಡಿಯಿದೆ?

ನಮಗೆ ಇನ್ನೂ ಹತ್ತಿರದ ಉದಾಹರಣೆಯೊಂದಿದೆ. 2000ದ ಜೂನ್-ಜುಲೈನಲ್ಲಿ ವಾಡಿ, ಹುಬ್ಬಳ್ಳಿ ಮತ್ತು ಬೆಂಗಳೂರಿನ ಜಗಜೀವನರಾಮ್ ನಗರದ ದೇವಾಲಯಗಳಲ್ಲಿ ಬಾಂಬುಗಳು ಸಿಡಿದಾಗ, ನಮ್ಮ ಜನರಲ್ಲಿ ಅನೇಕರ ಬೆರಳು ತಟ್ಟನೆ ಹಿಂದೂ ಸಂಘಟನೆಗಳತ್ತ ತಿರುಗಿತ್ತು. ಜಗಜೀವನರಾಮ್ ನಗರದ ಸ್ಫೋಟದ ದಿನವೇ, ಜುಲೈ 9ರಂದು, ನಗರದಲ್ಲಿ ಒಂದು ವ್ಯಾನು ಸಿಡಿದು ಇಬ್ಬರು ಸತ್ತರು. ಅದರ ಜಾಡು ಹಿಡಿದ ಪೊಲೀಸರು ತಲುಪಿದ್ದು ದೀನ್‌ದಾರ್ ಅಂಜುಮನ್ ಎಂಬ ಸಣ್ಣ ಪಂಥದ ಕೆಲವರನ್ನು. ಮೊದಲ ಗುಮಾನಿಗೆ ಒಂದು ದಿನವೂ ಬೇಕಾಗಿರಲಿಲ್ಲ. ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಿದ್ದು ಎಂಟು ವರ್ಷಗಳ ನಂತರ, 2008ರ ನವೆಂಬರ್ ಕೊನೆಯಲ್ಲಿ. ಮುಂಬಯಿ ದಾಳಿಯ ದಿನಗಳವು. ಇಡೀ ದೇಶದ ಕಣ್ಣು ತಾಜ್ ಹೋಟೆಲಿನ ಮೇಲಿತ್ತು. ಆ ವಾರದ ಪತ್ರಿಕೆಯಲ್ಲಿ ಈ ತೀರ್ಪನ್ನು ಹುಡುಕಿ ಓದಿದವರು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟು ಮಂದಿ ಇದ್ದರು?