‘ಬಿಟ್ಟುಕೊಡು’: ಕೊಟ್ಟವರು ಯಾರು?

ಈ ಗೋಷ್ಠಿಯಲ್ಲಿ ಬೆಳಗ್ಗೆಯಿಂದ ‘ಕಾಸರಗೋಡನ್ನು ನಾವು ಬಿಟ್ಟುಕೊಟ್ಟೆವು’ ಎಂಬ ಮಾತು ಎರಡು ಮೂರು ಸಲ ಬಂತು. ನನ್ನ ತಕರಾರು ಆ ಕ್ರಿಯಾಪದದ ಬಗ್ಗೆಯೇ.

‘ಬಿಡು’ ಎಂಬುದಕ್ಕೆ ಪಡೆಯುವವರು ಬೇಡ. ಕಾಫಿ ಬಿಡಬಹುದು, ಊರು ಬಿಡಬಹುದು. ‘ಕೊಡು’ ಸೇರಿದ ಕೂಡಲೇ ಎದುರಿಗೊಬ್ಬ ಪಡೆಯುವವ ಬಂದು ನಿಲ್ಲುತ್ತಾನೆ. ಜೊತೆಗೆ, ಅದು ಮೊದಲು ನಮ್ಮ ಕೈಯಲ್ಲಿತ್ತು, ಬೇಕಿದ್ದರೆ ಹಿಡಿದಿಟ್ಟುಕೊಳ್ಳಬಹುದಿತ್ತು ಎಂಬ ಅರ್ಥವೂ ಒಳಸೇರುತ್ತದೆ. ಈ ಪದಕ್ಕೆ ದೊಡ್ಡತನ ಬಂದದ್ದು ಅಲ್ಲಿಂದ. ಆದಿಪುರಾಣದ ಬಾಹುಬಲಿ ಗೆದ್ದ ಮೇಲೆ ಅಣ್ಣನಿಗೆ ರಾಜ್ಯ ಬಿಟ್ಟುಕೊಡುತ್ತಾನೆ. ಸೋತಿದ್ದರೆ ಹಾಗೆ ಹೇಳಲಿಕ್ಕೇ ಆಗ್ತಿರಲಿಲ್ಲ. ‘ಗುಟ್ಟು ಬಿಟ್ಟುಕೊಟ್ಟ’, ‘ಗೆಳೆಯನನ್ನು ಬಿಟ್ಟುಕೊಡಲಿಲ್ಲ’ ಎನ್ನುವಾಗ ಮಾತ್ರ ಅದೇ ಪದ ದ್ರೋಹದ ಕಡೆ ವಾಲುತ್ತದೆ.

ಕಾಸರಗೋಡಿನ ವಿಷಯದಲ್ಲಿ ಎರಡೂ ಹೊಂದುವುದಿಲ್ಲ. 1956ರವರೆಗೆ ಆ ತಾಲೂಕು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆಗಿನ ಮೈಸೂರು ರಾಜ್ಯದ ಕೈಯಲ್ಲಿರಲೇ ಇಲ್ಲ. ಕೇರಳಕ್ಕೆ ಸೇರಿಸಿದ್ದು ಸಂಸತ್ತಿನ ಕಾಯ್ದೆ. ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರಿಗೆ ಬರಲಿ ಎಂದು ಮಹಾಜನ ಆಯೋಗ 1967ರಲ್ಲಿ ಹೇಳಿತು, ಅದು ಜಾರಿಗೆ ಬರಲಿಲ್ಲ. ಹಾಗಿದ್ದರೆ ಬಿಟ್ಟುಕೊಟ್ಟ ಈ ‘ನಾವು’ ಯಾರು? ತುಳುವಿನಲ್ಲಿ ಹೇಳುವುದಿದ್ದರೆ ಕೇಳುವವರನ್ನೂ ಸೇರಿಸುವ ‘ನಮ’ವೋ, ಅವರನ್ನು ಹೊರಗಿಡುವ ‘ಎಂಕುಳು’ವೋ ಎಂದು ಮೊದಲೇ ಆರಿಸಬೇಕಿತ್ತು. ಕನ್ನಡದ ‘ನಾವು’ ಆ ಕಷ್ಟ ಕೊಡುವುದಿಲ್ಲ. ಬೆಂಗಳೂರಿನಲ್ಲಿ ಕೂತು ‘ನಾವು ಬಿಟ್ಟುಕೊಟ್ಟೆವು’ ಎಂದು ಮರುಗುವಾಗ ಕಾಸರಗೋಡಿನವರು ಕೊಟ್ಟವರಾಗುವುದಿಲ್ಲ, ಕೊಟ್ಟ ವಸ್ತುವಾಗುತ್ತಾರೆ. ಪ್ರೀತಿಯಿಂದಲೇ ಹೇಳಿದ ಮಾತು, ಒಪ್ಪುತ್ತೇನೆ. ಆದರೂ ಕೇಳುವಾಗ ಇರಿಸುಮುರಿಸು.

ಇದು ನನಗೆ ಹೊಳೆದದ್ದು ಒಂದು ಕಾಗದದಿಂದ. ನಮ್ಮ ಮನೆಯ ಪಾಲಿನ ಹೊತ್ತಿಗೆ ಸೋದರತ್ತೆ ಸಹಿ ಹಾಕಿದ ಹಕ್ಕು ಬಿಡುಗಡೆ ಪತ್ರ ಮಲಯಾಳದಲ್ಲಿತ್ತು. ಅಲ್ಲಿ ಅದರ ಹೆಸರು ‘ಒಳಿಮುರಿ’. ಒಳಿಯುವುದು ಎಂದರೆ ತೆರವಾಗುವುದು, ಹೊರತಾಗುವುದು. ಮಲಯಾಳದಲ್ಲೂ ‘ವಿಟ್ಟುಕೊಡುಕ್ಕುಗ’ ಉಂಟು, ನಮ್ಮ ಪದದ ಒಡಹುಟ್ಟೇ. ಆದರೆ ಪತ್ರದ ಹೆಸರಿನೊಳಗೆ ಕೊಡುವ ಮಾತಿಲ್ಲ. ಮನೆಯಲ್ಲಿ ಕನ್ನಡದಲ್ಲಿ ಎಲ್ಲರೂ ಹೇಳುವುದು ‘ಅತ್ತೆ ಬಿಟ್ಟುಕೊಟ್ಟರು, ದೊಡ್ಡ ಮನಸ್ಸು’ ಎಂದೇ. ಇಲ್ಲಿ ಪ್ರಬಂಧ ಓದಲಿಕ್ಕುಂಟು ಅಂತ ಅತ್ತೆಯನ್ನೇ ಕೇಳಿದೆ. ಅವರು ನಗಾಡಿದರು. “ನನಗೂ ಪಾಲು ಉಂಟು ಅಂತ ಗೊತ್ತಾದದ್ದೇ ಸಹಿ ಹಾಕುವ ದಿನ, ಮಗಾ.”