ಗಜಪದದ ನಿರ್ಣಯ: ರುದ್ರಟನ ಚಿತ್ರಶ್ಲೋಕವೂ ಚದುರಂಗದ ಆನೆಯ ನಡೆಯೂ

ಕಾಶ್ಮೀರದ ರುದ್ರಟನು ಒಂಬತ್ತನೆಯ ಶತಮಾನದಲ್ಲಿ ರಚಿಸಿದ ‘ಕಾವ್ಯಾಲಂಕಾರ’ದ ಐದನೆಯ ಅಧ್ಯಾಯವು ಚಿತ್ರಕಾವ್ಯಕ್ಕೆ ಮೀಸಲಾದುದು. ಅಲ್ಲಿ ರಥಪದ, ತುರಗಪದ, ಗಜಪದಗಳೆಂಬ ಮೂರು ಬಂಧಗಳು ಬರುವುವು. ಇವು ಚದುರಂಗದ ಕಾಯಿಗಳ ನಡೆಯನ್ನು ಅನುಸರಿಸಿದವೆಂಬುದನ್ನು ಯಾಕೋಬಿ ಪಂಡಿತನು ೧೮೯೬ರಲ್ಲಿ ವಿಚಾರಿಸಿದನು. ಚದುರಂಗದ ಇತಿಹಾಸವನ್ನು ಬರೆದ ಮರ್ರೆಯು ೧೯೧೩ರಲ್ಲಿ ಅದನ್ನು ವಿಸ್ತರಿಸಿದನು. ರಥ ತುರಗಗಳಲ್ಲಿ ಸಂಶಯಕ್ಕೆ ಎಡೆಯಿಲ್ಲ. ಗಜಪದದಲ್ಲಿ ಮಾತ್ರ ಓದುಗನು ತಡೆಯುತ್ತಾನೆ. ಏಕೆಂದರೆ ನಮ್ಮ ಮನೆಗಳಲ್ಲಿ ಈಗ ಮೂಲೆಯಲ್ಲಿ ನಿಂತು ನೇರವಾಗಿ ಓಡುವ ಕಾಯಿಗೇ ಆನೆಯೆಂದು ಹೆಸರು. ಆ ನಡೆಯಿಂದ ಓದಿದರೆ ಶ್ಲೋಕವು ಕೂಡುವುದಿಲ್ಲ. ಕೂಡದ ಶ್ಲೋಕವನ್ನು ಪಾಠದಲ್ಲಿ ಬಿಟ್ಟು ಮುಂದೆ ಸಾಗುವುದು ವಾಡಿಕೆಯಾಗಿದೆ. ಹಾಗೆ ಬಿಡಲಾಗದೆಂಬುದೇ ಈ ಲೇಖನದ ತಾತ್ಪರ್ಯ.

ಮೊದಲು ಬಂಧದ ಲಕ್ಷಣವನ್ನು ನೋಡೋಣ. ಶ್ಲೋಕಕ್ಕೆ ಮೂವತ್ತೆರಡು ಅಕ್ಷರ. ಪಾದವೊಂದಕ್ಕೆ ಒಂದು ಸಾಲಿನಂತೆ ಬರೆದರೆ ಎಂಟೆಂಟು ಮನೆಗಳ ನಾಲ್ಕು ಸಾಲುಗಳಾಗಿ ಚದುರಂಗದ ಹಾಸಿನ ಅರ್ಧವು ತುಂಬುತ್ತದೆ. ಮೊದಲ ಮನೆಯಲ್ಲಿ ಕಾಯಿಯನ್ನಿರಿಸಿ, ಅದರ ನಡೆಗೆ ಅನುಸಾರವಾಗಿ ಎಲ್ಲ ಮನೆಗಳನ್ನೂ ಒಮ್ಮೊಮ್ಮೆ ಮೆಟ್ಟಿ ಅಕ್ಷರಗಳನ್ನು ಕೂಡಿಸಿದರೆ ಅದೇ ಶ್ಲೋಕವು ಮರಳಿ ದೊರೆಯಬೇಕು. ರಥಪದದಲ್ಲಿ ರಥವು ಮೊದಲ ಸಾಲನ್ನು ಎಡದಿಂದ ಬಲಕ್ಕೂ ಎರಡನೆಯದನ್ನು ಬಲದಿಂದ ಎಡಕ್ಕೂ ಕ್ರಮಿಸುತ್ತದೆ. ಆದುದರಿಂದ ಎರಡನೆಯ ಮತ್ತು ನಾಲ್ಕನೆಯ ಪಾದಗಳು ಹಿಂದುಮುಂದಾಗಿ ಓದಿದರೂ ಒಂದೇ ಆಗಿರಬೇಕು, ಹಾಗೆಯೇ ಇವೆ. ತುರಗಪದದಲ್ಲಿ ಕುದುರೆಯು ಮೂವತ್ತೆರಡು ಮನೆಗಳನ್ನೂ ತಡೆಯಿಲ್ಲದೆ ಸುತ್ತುತ್ತದೆ.

ಇನ್ನು ಆನೆ. ಅದರ ನಡೆಯ ವಿಷಯದಲ್ಲಿ ನಾಲ್ಕು ಪಕ್ಷಗಳನ್ನು ಎಣಿಸಬಹುದು. ಓರೆಯಾಗಿ ಎರಡನೆಯ ಮನೆಗೆ ಹಾರುವುದೆಂಬುದು ಮೊದಲನೆಯದು. ಪಾರಸೀಕರ ಮತ್ತು ಅರಬರ ಆಟದಲ್ಲಿ ಇದೇ ರೂಢಿ. ನೇರವಾಗಿ ಎರಡನೆಯ ಮನೆಗೆ ಹಾರುವುದೆಂಬುದು ಎರಡನೆಯದು. ಇಂದಿನಂತೆ ನೇರವಾಗಿ ಎಷ್ಟು ದೂರವಾದರೂ ಓಡುವುದೆಂಬುದು ಮೂರನೆಯದು. ಮುಂದಕ್ಕೆ ಒಂದು ಮನೆ ಅಥವಾ ನಾಲ್ಕು ಮೂಲೆಗಳಲ್ಲಿ ಯಾವುದಕ್ಕಾದರೂ ಒಂದು ಮನೆ ನಡೆಯುವುದೆಂಬುದು ನಾಲ್ಕನೆಯದು. ಸುಮಾರು ೧೦೩೦ರಲ್ಲಿ ಭಾರತವರ್ಣನೆಯನ್ನು ಬರೆದ ಅಲ್ ಬಿರೂನಿಯು, ನಾಲ್ವರು ಆಡುವ ಆಟವನ್ನು ಹೇಳುವಲ್ಲಿ ಈ ನಡೆಯನ್ನೇ ತಿಳಿಸಿ, ಐದು ಮನೆಗಳನ್ನು ಆನೆಯ ಸೊಂಡಿಲಿಗೂ ನಾಲ್ಕು ಕಾಲುಗಳಿಗೂ ಹೋಲಿಸಿದ್ದಾನೆ.

ಪರೀಕ್ಷೆಯು ಸುಲಭ. ಮೊದಲ ಪಕ್ಷದ ಆನೆಯು ಅರವತ್ತನಾಲ್ಕು ಮನೆಗಳಲ್ಲಿ ಎಂಟನ್ನು ಮಾತ್ರ ಮುಟ್ಟಬಲ್ಲುದು. ಅರ್ಧ ಹಾಸಿನ ಮೂಲೆಯಿಂದ ಹೊರಟರೆ ನಾಲ್ಕನ್ನು ಮಾತ್ರ. ಎರಡನೆಯ ಪಕ್ಷದ ಆನೆಗೆ ಅರ್ಧ ಹಾಸಿನಲ್ಲಿ ಎಂಟಕ್ಕಿಂತ ಹೆಚ್ಚು ಮನೆ ಸಿಕ್ಕುವುದಿಲ್ಲ. ಶ್ಲೋಕವನ್ನು ಪೂರೈಸಲಾರದ ಈ ಎರಡು ಪಕ್ಷಗಳೂ ಬಿದ್ದುಹೋದುವು. ಉಳಿದೆರಡನ್ನು ಶ್ಲೋಕದ ದಾರಿಯೇ ನಿರ್ಣಯಿಸುತ್ತದೆ. ಆನೆಯು ಮೊದಲ ಸಾಲಿನ ಮೊದಲ ಮನೆಯಿಂದ ಎರಡನೆಯ ಸಾಲಿನ ಮೊದಲ ಮನೆಗೆ ನೇರವಾಗಿ ಇಳಿಯುತ್ತದೆ. ಅಲ್ಲಿಂದ ಮೊದಲ ಸಾಲಿನ ಎರಡನೆಯ ಮನೆಗೆ ಓರೆಯಾಗಿ ಹಿಂದಿರುಗುತ್ತದೆ. ಮತ್ತೆ ನೇರವಾಗಿ, ಮತ್ತೆ ಓರೆಯಾಗಿ. ಹೀಗೆ ಹದಿನಾರು ಮನೆಗಳು ಮುಗಿಯುವುವು. ಓರೆನಡೆಯು ಬೇಕಾದುದರಿಂದ ಮೂರನೆಯ ಪಕ್ಷವೂ ನಿಲ್ಲದು.

ಈ ದಾರಿಯು ಕವಿಯ ಮೇಲೆ ಹೇರುವ ನಿರ್ಬಂಧವನ್ನು ಲೆಕ್ಕಮಾಡಿದರೆ ಬಂಧದ ಸ್ವರೂಪವು ಸ್ಪಷ್ಟವಾಗುವುದು. ಅರ್ಧಶ್ಲೋಕದ ಹದಿನಾರು ಅಕ್ಷರಗಳಲ್ಲಿ ೨, ೩, ೫, ೯ನೆಯವು ಒಂದೇ ಆಗಿರಬೇಕು. ೪, ೭, ೧೦, ೧೩ನೆಯವು ಒಂದೇ. ೮, ೧೨, ೧೪, ೧೫ನೆಯವು ಒಂದೇ. ೬ ಮತ್ತು ೧೧ ಒಂದೇ. ೧ ಮತ್ತು ೧೬ ಮಾತ್ರ ಸ್ವತಂತ್ರ. ಎಂದರೆ ಅರ್ಧಶ್ಲೋಕದಲ್ಲಿ ಆರಕ್ಕಿಂತ ಹೆಚ್ಚು ಭಿನ್ನಾಕ್ಷರಗಳು ಬರುವಂತಿಲ್ಲ. ರುದ್ರಟನ ಉದಾಹರಣೆಯ ಎರಡು ಅರ್ಧಗಳಲ್ಲಿಯೂ ಈ ವ್ಯವಸ್ಥೆಯೇ ಕಾಣುತ್ತದೆ. ಅನುಸ್ವಾರಾದಿಗಳ ಭೇದದಿಂದ ಚಿತ್ರಭಂಗವಾಗದೆಂಬ ಆಲಂಕಾರಿಕರ ಸಮಯವನ್ನು ಮಾತ್ರ ನೆನಪಿಡಬೇಕು.

ಇಲ್ಲಿ ಎರಡು ಆಕ್ಷೇಪಗಳು ಹುಟ್ಟುವುವು. ಇದು ಗೋಮೂತ್ರಿಕೆಯ ಒಂದು ಪ್ರಭೇದವಷ್ಟೆ, ಆನೆಗೂ ಇದಕ್ಕೂ ಸಂಬಂಧವೇನೆಂಬುದು ಒಂದು. ದಂಡಿಯು ‘ಕಾವ್ಯಾದರ್ಶ’ದ ಮೂರನೆಯ ಪರಿಚ್ಛೇದದಲ್ಲಿ ಹೇಳುವ ಗೋಮೂತ್ರಿಕೆಯಲ್ಲಿ ನಡೆಯೆಲ್ಲವೂ ಓರೆ, ನೇರವಾದ ಹೆಜ್ಜೆಯೇ ಇಲ್ಲ. ಗಜಪದದಲ್ಲಿ ಎರಡೂ ಇವೆ. ಅದೂ ರಥ ತುರಗಗಳ ಜೊತೆಯಲ್ಲಿ ಬಂದಿದೆ. ಆದುದರಿಂದ ಈ ಆಕ್ಷೇಪವು ನಿಲ್ಲದು. ಎಲ್ಲ ದಿಕ್ಕಿಗೂ ಒಂದು ಮನೆ ನಡೆಯುವ ಅರಸನೂ ಇದೇ ದಾರಿಯಲ್ಲಿ ಹೋಗಬಲ್ಲನಲ್ಲವೇ ಎಂಬುದು ಇನ್ನೊಂದು. ಇದು ಬಲವಾದುದು; ಶ್ಲೋಕವೊಂದರಿಂದಲೇ ಇದಕ್ಕೆ ಉತ್ತರವಿಲ್ಲ. ಆದರೆ ಅಲ್ ಬಿರೂನಿಯ ಮಾತು ಶ್ಲೋಕದೊಡನೆ ಹೊಂದುತ್ತದೆ. ಬರ್ಮಾ ದೇಶದ ಸಾಂಪ್ರದಾಯಿಕ ಚದುರಂಗದಲ್ಲಿಯೂ ಆನೆಗೆ ಈ ಐದು ನಡೆಗಳೇ ಉಳಿದುಬಂದಿವೆ. ಪರಸ್ಪರ ಸಂಬಂಧವಿಲ್ಲದ ಸಾಕ್ಷಿಗಳು ಒಂದೆಡೆ ಕೂಡಿದಲ್ಲಿ ನಾಲ್ಕನೆಯ ಪಕ್ಷವೇ ಸಿದ್ಧಾಂತವೆನ್ನಲು ಅಡ್ಡಿಯಿಲ್ಲ.

ಕಾವ್ಯದೃಷ್ಟಿಯಿಂದ ಒಂದು ಮಾತು ಹೇಳತಕ್ಕದ್ದಿದೆ. ಗಜಪದದಲ್ಲಿ ಹದಿನಾರನೆಯ ಮನೆಯಿಂದ ಹದಿನೇಳನೆಯದಕ್ಕೆ ನಡೆಯಿಲ್ಲ; ಉತ್ತರಾರ್ಧವು ಎಡದಿಂದ ಹೊಸದಾಗಿ ಆರಂಭವಾಗುತ್ತದೆ. ಆನೆಯು ಕೆಳಗಿನ ಮನೆಗೆ ನೇರವಾಗಿ ಇಳಿದು, ಬಲದಿಂದ ಎಡಕ್ಕೆ ಇದೇ ರೀತಿಯಲ್ಲಿ ಸಾಗಿ ಮೂವತ್ತೆರಡನ್ನೂ ಮುಗಿಸಬಹುದಾಗಿದ್ದಿತು. ಕವಿಯು ಸುಲಭವಾದ ದಾರಿಯನ್ನು ಹಿಡಿದಿದ್ದಾನೆ. ತುರಗಪದದ ಸಾಹಸವು ಇಲ್ಲಿಲ್ಲ.

ಕನ್ನಡ ನಾಡಿಗೆ ಈ ವಿಚಾರವು ದೂರದ್ದಲ್ಲ. ಬೇಲೂರಿನ ಚೆನ್ನಕೇಶವಾಲಯವು ವಿಷ್ಣುವರ್ಧನನಿಂದ ೧೧೧೭ರಲ್ಲಿ ಪ್ರತಿಷ್ಠಿತವಾಯಿತು. ಅವನ ಕಾಲದಲ್ಲಿಯೇ, ೧೧೨೯ರ ಸುಮಾರಿಗೆ, ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದ ಕ್ರೀಡಾವಿಂಶತಿಯಲ್ಲಿ ಚದುರಂಗವನ್ನು ಶಾಸ್ತ್ರೀಯವಾಗಿ ವರ್ಣಿಸಿದನು. ವೇದಾಂತದೇಶಿಕರು ‘ಪಾದುಕಾಸಹಸ್ರ’ದ ಚಿತ್ರಪದ್ಧತಿಯಲ್ಲಿ ಒಂದು ಶ್ಲೋಕದಿಂದ ಮತ್ತೊಂದು ಶ್ಲೋಕವು ಕುದುರೆಯ ನಡೆಯಿಂದ ಹೊರಡುವಂತೆ ಮಾಡಿದರು. ಮುಮ್ಮಡಿ ಕೃಷ್ಣರಾಜ ಒಡೆಯರು ಹೊರಟ ಮನೆಗೇ ಮರಳುವ ಕುದುರೆಯ ಸುತ್ತುಗಳನ್ನು ರಚಿಸಿದರು. ಕುದುರೆಗೆ ಹೀಗೆ ಪರಂಪರೆಯು ಬೆಳೆಯಿತು. ಆನೆಯಾದರೋ ನಡೆಯನ್ನು ಬದಲಾಯಿಸಿಕೊಂಡು ಮೂಲೆಗೆ ಸೇರಿತು; ಅದರ ಹಳೆಯ ಹೆಜ್ಜೆಗೆ ಬೇಲೂರಿನ ಅಧಿಷ್ಠಾನದ ಗಜಪಂಕ್ತಿಯೂ ಸಾಕ್ಷಿ ಹೇಳದು, ಗಜಪದವು ಹೇಳುತ್ತದೆ.

ಆನಂದವರ್ಧನನು ಚಿತ್ರವನ್ನು ನಿಜವಾದ ಕಾವ್ಯವೆಂದು ಒಪ್ಪಲಿಲ್ಲ, ಮಮ್ಮಟನು ಅಧಮವೆಂದನು. ರಸದ ವಿಷಯದಲ್ಲಿ ಅವರ ತೀರ್ಪನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಪ್ರಮಾಣದ ವಿಷಯವೇ ಬೇರೆ. ಗದ್ಯದಲ್ಲಿ ಬರೆದ ನಿಯಮವನ್ನು ಲಿಪಿಕಾರನ ಒಂದು ತಪ್ಪು ಸದ್ದಿಲ್ಲದೆ ಕೆಡಿಸಬಲ್ಲುದು. ಗಜಪದದ ಏಳನೆಯ ಅಕ್ಷರವು ಕೆಟ್ಟರೆ ನಾಲ್ಕನೆಯದೂ ಹತ್ತನೆಯದೂ ಹದಿಮೂರನೆಯದೂ ಅದನ್ನು ಎತ್ತಿತೋರಿಸಿ ತಿದ್ದುತ್ತವೆ. ತನ್ನ ಪಾಠವನ್ನು ತಾನೇ ಕಾಯುವ ಇಂತಹ ಪದ್ಯವನ್ನು ಕಸರತ್ತೆಂದು ತಳ್ಳುವುದು ಯುಕ್ತವಲ್ಲ. ಅಧ್ಯಾಪಕರು ತರಗತಿಯಲ್ಲಿ ಎಂಟು ಮನೆಗಳ ನಾಲ್ಕು ಸಾಲುಗಳನ್ನೆಳೆದು ಅಕ್ಷರಗಳನ್ನು ತುಂಬಿಸಲಿ. ಸಂಪಾದಕರು ಪಾಠಾಂತರವನ್ನು ಅಂಗೀಕರಿಸುವ ಮುನ್ನ ಕಾಯಿಯನ್ನು ನಡೆಸಿ ನೋಡಲಿ. ಈ ಕ್ರಮವನ್ನು ಇತರ ಬಂಧಗಳಿಗೂ ಅನ್ವಯಿಸಿ ವಿದ್ವಾಂಸರು ಪರಾಮರ್ಶಿಸುವುದು ಅವಶ್ಯಕ.