ಬಾಗಿಲು ಹಾಕಿದವರ ಮತ

ಪತ್ರಿಕೆಗಳ ಜಿಲ್ಲಾ ಪುಟವನ್ನು ಹೊಗಳುವುದು ನಮ್ಮಲ್ಲಿ ಒಂದು ರೂಢಿಯೇ ಆಗಿದೆ. ಮುಖಪುಟ ವಿಧಾನಸೌಧದ್ದು, ಒಳಪುಟ ಜನರದ್ದು ಎಂದು ಮಾಧ್ಯಮ ಸಂಕಿರಣಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುವವರಿದ್ದಾರೆ. ಬಳ್ಳಾರಿ ಜಿಲ್ಲೆ ಒಡೆದು, ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆಯಾದಾಗಿನ ವರದಿಗಾರಿಕೆಯನ್ನೂ ಈ ಹೊಗಳಿಕೆಗೆ ಸಾಕ್ಷಿಯಾಗಿ ತರುತ್ತಾರೆ. ಹೊಸ ಜಿಲ್ಲೆಯ ಹಗರಿಬೊಮ್ಮನಹಳ್ಳಿ ಕಡೆಯಿಂದ ನೋಡಿದರೆ ಅದು ಹೊಗಳಿಕೆಯ ಬುಡಕ್ಕೇ ಕೊಡಲಿ ಹಾಕುವ ಸಾಕ್ಷಿ.

ಕಥೆ ಗೊತ್ತಿದ್ದದ್ದೇ. 2020ರ ನವೆಂಬರ್ 18ರಂದು ಸಚಿವ ಸಂಪುಟ ಒಪ್ಪಿತು, 2021ರ ಫೆಬ್ರುವರಿ 8ರಂದು ಅಧಿಸೂಚನೆ ಬಂತು, ಅಕ್ಟೋಬರ್ 2ರಂದು ಉದ್ಘಾಟನೆಯೂ ಮುಗಿಯಿತು. ಹೊಸಪೇಟೆಯ ಆಗಿನ ಶಾಸಕ ಆನಂದ್ ಸಿಂಗ್ ಯಾಕೆ ಪಟ್ಟು ಹಿಡಿದರು, ಬಳ್ಳಾರಿಯ ರೆಡ್ಡಿ ಸಹೋದರರು ಯಾಕೆ ಕನಲಿದರು ಎಂಬುದನ್ನು ಮತ್ತೆ ಕೆದಕುವ ಅಗತ್ಯವಿಲ್ಲ. ನಮಗೆ ಬೇಕಾದದ್ದು ಇಷ್ಟು: ಹೊಸ ಜಿಲ್ಲೆಗೆ ಸೇರಿದ ಪಶ್ಚಿಮದ ಆರು ತಾಲ್ಲೂಕುಗಳ ಜನರನ್ನು ಯಾರೂ ಮತ ಹಾಕಿಸಿ ಕೇಳಲಿಲ್ಲ. ಕರಡು ಅಧಿಸೂಚನೆ ಹೊರಡಿಸಿ, ಆಕ್ಷೇಪಣೆಗೆ 30 ದಿನ ಕೊಟ್ಟರೆ ಭೂಕಂದಾಯ ಕಾನೂನಿನ ಕೆಲಸ ಮುಗಿಯುತ್ತದೆ. ಮತಪೆಟ್ಟಿಗೆ ಇಲ್ಲದ ಕಡೆ ಜನಮತ ಎಣಿಸುವ ಹೊಣೆಯನ್ನು ಪತ್ರಿಕೆ ತನ್ನ ಮೈಮೇಲೆ ಎಳೆದುಕೊಂಡಿತು. ಅದರ ಕೈಯಲ್ಲಿದ್ದ ಅಳತೆಗೋಲು ಒಂದೇ, ಬಂದ್.

ಬಂದ್ ವರದಿಯ ಅಚ್ಚು ಓದುಗರಿಗೆ ಕಂಠಪಾಠ. ಮೊದಲ ಸಾಲಿನಲ್ಲೇ ತೀರ್ಪು: ‘ಸಂಪೂರ್ಣ ಯಶಸ್ವಿ’, ‘ನೀರಸ ಪ್ರತಿಕ್ರಿಯೆ’, ಇಲ್ಲವೇ ‘ಮಿಶ್ರ ಪ್ರತಿಕ್ರಿಯೆ’. ಜೊತೆಗೆ ‘ಶಾಂತಿಯುತ’ ಎಂಬ ಪೊಲೀಸ್ ಪ್ರಮಾಣಪತ್ರ. ಆಮೇಲೆ ಬಸ್ ನಿಲ್ದಾಣ ಬಿಕೋ ಎನ್ನುತ್ತದೆ, ವೃತ್ತದಲ್ಲಿ ಟೈರ್ ಉರಿಯುತ್ತದೆ, ಔಷಧ ಅಂಗಡಿ ಮತ್ತು ಹಾಲಿನ ಬೂತ್ ಎಂದಿನಂತೆ ತೆರೆದಿರುತ್ತವೆ. ಕೊನೆಯಲ್ಲಿ ಪಾಲ್ಗೊಂಡ ಮುಖಂಡರ ಹೆಸರುಗಳ ಮಾಲೆ. ಹೆಸರು ಬಿಟ್ಟುಹೋದರೆ ಮರುದಿನ ವರದಿಗಾರನಿಗೆ ಫೋನ್ ಬರುತ್ತದಾದ್ದರಿಂದ ಇಡೀ ವರದಿಯಲ್ಲಿ ಶ್ರದ್ಧೆಯಿಂದ ಬರೆದ ಭಾಗ ಅದೊಂದೇ. ಯಾಕೆ ಬೇಡ, ಯಾಕೆ ಬೇಕು ಎಂಬ ಎರಡು ಪ್ರಶ್ನೆಗೆ ಈ ಅಚ್ಚಿನಲ್ಲಿ ಖಾನೆಯೇ ಇಲ್ಲ.

‘ಮಿಶ್ರ ಪ್ರತಿಕ್ರಿಯೆ’ ಎಂಬುದಂತೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಯಾರ ಜೊತೆ ಯಾರು ಬೆರೆತರು? ಅರ್ಧ ಅಂಗಡಿ ತೆರೆದಿದ್ದವೋ, ಅರ್ಧ ದಿನ ತೆರೆದಿದ್ದವೋ? ತೆರೆದವನು ವಿಭಜನೆಯ ಪರವೋ, ಅಥವಾ ಆವತ್ತು ಸಂತೆಯ ದಿನವಾದ್ದರಿಂದ ವ್ಯಾಪಾರ ಬಿಡಲಾರದವನೋ? ಮುಚ್ಚಿದವನು ವಿರೋಧಿಯೋ, ಗಾಜು ಒಡೆದೀತೆಂಬ ಭಯದವನೋ? ವರದಿಗಾರ ಎರಡು ಅಂಗಡಿಗೆ ಹೋಗಿ ಕೇಳಿದ್ದರೆ ಗೊತ್ತಾಗುತ್ತಿತ್ತು. ಆದರೆ ಅಚ್ಚು ಅದನ್ನು ಬೇಡುವುದಿಲ್ಲ. ಅದಕ್ಕೆ ಬೇಕಾದದ್ದು ಇಳಿದ ಷಟರ್‌ನ ಫೋಟೊ.

ಈ ಎಣಿಕೆ ಎಷ್ಟು ಪೊಳ್ಳೆಂದು ತೋರಿಸಲು ಒಂದು ದಿನಾಂಕ ಸಾಕು. ವಿಭಜನೆ ವಿರೋಧಿಸಿ ಬಳ್ಳಾರಿ ಬಂದ್ ನಡೆದದ್ದು 2020ರ ನವೆಂಬರ್ 26ರಂದು. ಕೇಂದ್ರ ಕಾರ್ಮಿಕ ಸಂಘಟನೆಗಳು ದೇಶವ್ಯಾಪಿ ಮುಷ್ಕರ ಹೂಡಿದ್ದೂ ಅದೇ ದಿನ. ಕಾರ್ಮಿಕ ಕಾಯ್ದೆಗಳ ವಿರುದ್ಧ ಕೆಲಸ ಬಿಟ್ಟವನನ್ನು ಹೊಸಪೇಟೆಯ ವಿರುದ್ಧದ ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ? ಷಟರ್‌ನ ಫೋಟೊ ಅದನ್ನು ಹೇಳಲಾರದು.

ಇನ್ನು ಬಾಗಿಲೇ ಇಲ್ಲದವರ ಮಾತು. ಬಂದ್ ಮಾಡಬೇಕಾದರೆ ಮುಚ್ಚಲು ಏನಾದರೂ ಇರಬೇಕು. ಕೂಡ್ಲಿಗಿ, ಹರಪನಹಳ್ಳಿ ಹಳ್ಳಿಗಳಿಂದ ಗುಳೆ ಹೋಗುವವರಿಗೆ ಅಂಗಡಿಯಿಲ್ಲ, ಸಂಘವಿಲ್ಲ, ಮಾಲೆಯಲ್ಲಿ ಹೆಸರಿಲ್ಲ. ಬಳ್ಳಾರಿಯ ಜಿಲ್ಲಾ ಕಚೇರಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ, ಸಾಹೇಬರು ಮೀಟಿಂಗಿನಲ್ಲಿದ್ದಾರೆಂದು ಕೇಳಿಸಿಕೊಂಡು ಬರುತ್ತಿದ್ದ ಹರಪನಹಳ್ಳಿಯವನಿಗೆ ಈ ವಿಭಜನೆ ಒಂದು ದಿನದ ಕೂಲಿಯ ಪ್ರಶ್ನೆಯಾಗಿತ್ತು. ಒಪ್ಪಿಗೆ ಇದ್ದವರು ಬೀದಿಗಿಳಿಯುವುದಿಲ್ಲ, ಆದ್ದರಿಂದ ಸುದ್ದಿಯಾಗುವುದಿಲ್ಲ. ಪಶ್ಚಿಮ ತಾಲ್ಲೂಕುಗಳೊಳಗಿನ ಭಿನ್ನಮತವೂ ಹಾಗೆಯೇ. ಹರಪನಹಳ್ಳಿಯಲ್ಲಿ ತಮ್ಮೂರೇ ಜಿಲ್ಲಾ ಕೇಂದ್ರವಾಗಲಿ ಎಂಬ ಕೂಗು ಎದ್ದಿತ್ತು. ಬಳ್ಳಾರಿ–ಹೊಸಪೇಟೆ ಎಂಬ ಇಬ್ಬರ ಜಟಾಪಟಿಯ ಚೌಕಟ್ಟಿನಲ್ಲಿ ಆ ಮೂರನೆಯ ದನಿಗೆ ಜಾಗವೆಲ್ಲಿ?

ವಿರೋಧದ ಘೋಷಣೆ ‘ಅಖಂಡ ಬಳ್ಳಾರಿ’. ಯಾವ ಅಖಂಡ? 1882ರಲ್ಲಿ ಅನಂತಪುರ ಜಿಲ್ಲೆ ಹುಟ್ಟಿದ್ದೇ ಬಳ್ಳಾರಿಯನ್ನು ಸೀಳಿ. 1953ರಲ್ಲಿ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. 1997ರಲ್ಲಿ ಹರಪನಹಳ್ಳಿ ದಾವಣಗೆರೆಗೆ ಹೋಗಿ, 2018ರಲ್ಲಿ ತಿರುಗಿ ಬಂತು. ಘೋಷಣೆ ಕೂಗುವವರು ಇತಿಹಾಸ ಹೇಳಬೇಕಿಲ್ಲ, ಸರಿ. ಪತ್ರಿಕೆ ಒಂದು ಸಾಲು ಸೇರಿಸಬಹುದಿತ್ತಲ್ಲ.

ಬಂದ್ ವರದಿಯ ಈ ಅಚ್ಚು ಎಲ್ಲಿಂದ ಬಂತೆಂದು ಕೇಳಿದರೆ 1953ರ ಕಡೆಗೇ ನೋಡಬೇಕು ಎಂಬುದು ನನ್ನ ಊಹೆ. ಆಗ ಪ್ರಶ್ನೆ ನಿಜಕ್ಕೂ ಪ್ರಾಣಾಂತಿಕವಾಗಿತ್ತು. ಬಳ್ಳಾರಿ ತಾಲ್ಲೂಕು ಮೈಸೂರಿಗೋ ಆಂಧ್ರಕ್ಕೋ ಎಂದು ತೀರ್ಮಾನಿಸಲು ನೆಹರೂ ಸರ್ಕಾರ ಜನಮತಗಣನೆ ಮಾಡಿಸಲಿಲ್ಲ. ಹೈದರಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರಿಂದ ವಿಚಾರಣೆ ನಡೆಸಿತು. ಕನ್ನಡ, ತೆಲುಗು, ಉರ್ದು ಒಟ್ಟಿಗೆ ಬದುಕಿದ ಊರಿನಲ್ಲಿ ಎರಡೂ ಕಡೆಯವರು ತಮ್ಮ ಸಂಖ್ಯೆ ತೋರಿಸಲು ಮೆರವಣಿಗೆಗೇ ಮೊರೆಹೋದರು. ಮೈಸೂರು ಸೇರುವ ಅಕ್ಟೋಬರ್ 1ರ ಸಂಭ್ರಮಕ್ಕೆ ಹಾಕಿದ್ದ ಚಪ್ಪರವನ್ನು ಹಿಂದಿನ ರಾತ್ರಿ ಕಾಯುತ್ತಿದ್ದ ರಂಜಾನ್ ಸಾಬ್ ಆ್ಯಸಿಡ್ ದಾಳಿಗೆ ಬಲಿಯಾದರು. ಅಂಥ ಹೊತ್ತಿನಲ್ಲಿ ‘ಶಾಂತಿಯುತ’ ಎಂಬುದು ಸುದ್ದಿ. ಒಂದೇ ಭಾಷೆಯವರು ಕಚೇರಿ ಎಲ್ಲಿರಬೇಕೆಂದು ವಾದಿಸುವಾಗ ಅದು ಬರೀ ಪದ.

ಇಲ್ಲಿ ನನ್ನ ತಕರಾರು ಮಾಧ್ಯಮ ವಿಮರ್ಶಕರ ಜೊತೆಗೂ ಇದೆ. ಅವರ ದೂರು ಒಂದೇ: ಪತ್ರಿಕೆಗಳು ನಿಷ್ಪಕ್ಷಪಾತವಾಗಿಲ್ಲ. ಗಣಿ ದುಡ್ಡು, ಜಾಹೀರಾತು, ಮಾಲೀಕರ ಜಾತಿ ಇತ್ಯಾದಿ. ನಾನು ಉಲ್ಟಾ ಹೇಳುತ್ತೇನೆ, ನಮ್ಮ ಜಿಲ್ಲಾ ಪುಟದ ರೋಗವೇ ಅದರ ನಿಷ್ಪಕ್ಷಪಾತದ ಸೋಗು. ಪಕ್ಕದ ಗೋವಾ ನೋಡಿ. 1967ರ ಜನವರಿ 16ರಂದು ಅಲ್ಲಿ ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೇ ಎಂದು ನಿಜವಾದ ಜನಮತಗಣನೆ ನಡೆಯಿತು. ‘ಗೋಮಂತಕ’ ವಿಲೀನದ ಪರ, ‘ರಾಷ್ಟ್ರಮತ’ ವಿರುದ್ಧ. ಎರಡೂ ಮರಾಠಿ ಪತ್ರಿಕೆಗಳೇ ಎಂಬುದನ್ನು ಗಮನಿಸಿ. ಮರಾಠಿಯಲ್ಲೇ ಮರಾಠಿ ರಾಜ್ಯ ಬೇಡವೆಂದು ವಾದಿಸಿದ ‘ರಾಷ್ಟ್ರಮತ’ದಲ್ಲಿ ಉದಯ ಭೆಂಬ್ರೆಯವರ ‘ಬ್ರಹ್ಮಾಸ್ತ್ರ’ ಅಂಕಣಕ್ಕೆ ಜನ ಕಾಯುತ್ತಿದ್ದರು. ಸೇರಿದರೆ ಏನು ಕಳೆಯುತ್ತದೆ, ಏನು ಸಿಗುತ್ತದೆ ಎಂಬ ಜಗಳ ಓದುಗನ ಮುಂದೆ ಬಿಚ್ಚಿಕೊಂಡಿತು. 34,021 ಮತಗಳ ಅಂತರದಿಂದ ವಿಲೀನ ಸೋತಿತು. ಆ ಪತ್ರಿಕೆಗಳು ನ್ಯಾಯವಾಗಿದ್ದವೆಂದು ನಾನು ಹೇಳುತ್ತಿಲ್ಲ; ಅವುಗಳ ನಿಲುವು ಓದುಗನಿಗೆ ಗೊತ್ತಿತ್ತು.

ಒಡಕಿನ ಸಮಾಜದಲ್ಲಿ ಅಂಥ ಜಗಳ ಬೆಂಕಿ ಹಚ್ಚುತ್ತದೆ, ತಟಸ್ಥ ಭಾಷೆ ಶಾಂತಿ ಕಾಯುತ್ತದೆ ಎನ್ನುವವರಿದ್ದಾರೆ. ಅವರಿಗೆ ಉತ್ತರ ಐರ್ಲೆಂಡನ್ನು ನೆನಪಿಸಬೇಕು. ಅಲ್ಲಿನ 1998ರ ಶಾಂತಿ ಒಪ್ಪಂದದ ಜನಮತಗಣನೆಯಲ್ಲಿ ಮತಗಳನ್ನು ಕ್ಷೇತ್ರವಾರು ಎಣಿಸದೆ ಒಂದೇ ಕಡೆ ಬೆರೆಸಿ ಎಣಿಸಿದರು, ಶೇ 71ರಷ್ಟು ಒಪ್ಪಿಗೆ ಬಂತು. ಯಾವ ಮತದವರು ಎಷ್ಟು ಒಪ್ಪಿದರೆಂಬುದು ಅಧಿಕೃತವಾಗಿ ಹೊರಬೀಳದಂತೆ ಆಯಿತು. ಪತ್ರಿಕೆಗಳು ಬಿಟ್ಟವೇ? ಮತಗಟ್ಟೆ ಸಮೀಕ್ಷೆ ಹಿಡಿದು ಪ್ರಾಟೆಸ್ಟೆಂಟರೆಷ್ಟು, ಕ್ಯಾಥೊಲಿಕರೆಷ್ಟು ಎಂದು ಬಿಡಿಸಿಯೇ ಬಿಡಿಸಿದವು. ಕೆಟ್ಟ ಚಪಲವಿರಬಹುದು. ಆದರೆ ‘ಮಿಶ್ರ’ದೊಳಗೆ ಏನಿದೆಯೆಂದು ನೋಡುವ ಚಪಲ.

ಜಿಲ್ಲಾ ಪುಟಕ್ಕೆ ಸಲ್ಲಬೇಕಾದ ಮಾತನ್ನೂ ಹೇಳಿಬಿಡುತ್ತೇನೆ. ಹರಪನಹಳ್ಳಿಗೆ ಸಂವಿಧಾನದ 371(ಜೆ) ವಿಧಿಯ ಸವಲತ್ತು ಬೇಕೆಂಬ ಹೋರಾಟದಲ್ಲಿ, ದಾವಣಗೆರೆಯಲ್ಲಿದ್ದರೆ ಹೈದರಾಬಾದ್ ಕರ್ನಾಟಕದ ಮೀಸಲಾತಿ ತಪ್ಪುತ್ತದೆ ಎಂಬ ಲೆಕ್ಕ ಆ ಪುಟ ಓದಿಯೇ ಹಳ್ಳಿಯ ಹುಡುಗರಿಗೂ ಬಾಯಿಗೆ ಬರುತ್ತಿತ್ತು. ಅಲ್ಲಿ ಪ್ರಶ್ನೆ ನೌಕರಿಯದು, ಕಾಲೇಜು ಸೀಟಿನದು. ವಿಭಜನೆಯಲ್ಲೂ ಅಂಥದೇ ಲೆಕ್ಕವೊಂದಿತ್ತು. ಅದಿರಿನ ಸಂಡೂರು ಬಳ್ಳಾರಿಯಲ್ಲೇ ಉಳಿಯಿತು, ಜಿಲ್ಲಾ ಖನಿಜ ನಿಧಿ ಹೆಸರೇ ಹೇಳುವಂತೆ ಜಿಲ್ಲೆಯದು. ಸಂಡೂರಿಗೆ ಅಂಟಿಕೊಂಡಿರುವ ಕೂಡ್ಲಿಗಿಗೆ ಇನ್ನು ಆ ಹಣದಲ್ಲಿ ಎಷ್ಟು ಪಾಲು, ಯಾರ ಸಹಿಯಿಂದ? ಬಂದ್‌ನ ಮರುದಿನ ಯಾವ ವೃತ್ತದಲ್ಲಿ ಎಷ್ಟು ಟೈರ್ ಉರಿದವೆಂದು ಬರೆಯುವ ಪುಟದಲ್ಲಿ ಈ ಪ್ರಶ್ನೆಗೆ ಎರಡು ಕಾಲಂ ಕೊಡಲು ಜಾಗದ ಕೊರತೆಯೇನೂ ಇರಲಿಲ್ಲ.